ಅವ್ವನ ಕೈಮೇಲಿನ ಏಡಿ

ಡೊಂಬಿವಲಿ

ನಮ್ಮ ಕನ್ನಡ ಸಂಘದ ಸಂಚಿಕೆಗೆ ಒಂದು ಪ್ರವಾಸ ಕಥನ ಬರೆದುಕೊಡಿ, ಮರುಭೂಮಿ, ಒಂಟೆ ಎಲ್ಲ ಇರಲಿ ಎಂದು ಸಂಪಾದಕರು ಕೇಳಿದರು. ಒಂಟೆ ಇತ್ತು. ನಾನು ಹತ್ತಿರ ಹೋದೆ, ಅದು ನನ್ನ ಸ್ವೆಟರಿನ ಮೇಲೆ ಉಗುಳಿತು, ನಾನು ದೂರ ಬಂದೆ. ಒಂಟೆಯ ಕಥೆ ಅಷ್ಟೇ. ಬರೆಯಬೇಕಾದದ್ದು ಬೇರೆ ಇದೆ. ಇಷ್ಟು ವರ್ಷ ಬರೆಯದೆ ಇದ್ದುದಕ್ಕೆ ಕಾರಣವೂ ಅದೇ.

ಟ್ಯುನೀಶಿಯಾಕ್ಕೆ ಹೋಗುತ್ತಿದ್ದೇವೆ ಎಂದಾಗ ನಮ್ಮ ಸೊಸೈಟಿಯಲ್ಲಿ ಯಾರೂ ನಂಬಿರಲಿಲ್ಲ. ಕೆಳಗಿನ ಮನೆಯ ಕಾಕು ಅಂತೂ, ಅಂಥದೊಂದು ದೇಶವೇ ಇಲ್ಲ, ಟಿಕೀಟು ಮತ್ತೊಮ್ಮೆ ನೋಡಿಕೋ ಎಂದು ನನ್ನನ್ನೇ ಹೆದರಿಸಿದರು. ಅದು ಆಫ್ರಿಕಾದ ನೆತ್ತಿಯ ಮೇಲಿದೆ ಎಂಬುದು ನನಗೂ ತಿಳಿದದ್ದು ನಮ್ಮ ಯಜಮಾನರನ್ನು ಕಂಪನಿಯವರು ಅಲ್ಲಿಗೆ ಕಳಿಸಿದ ಮೇಲೆಯೇ. ಇವರು ಥಾಣೆಯ ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಮಶೀನು ಕೂಡಿಸುವ ಕೆಲಸದಲ್ಲಿದ್ದರು. ಖರ್ಜೂರ ತೊಳೆದು ಡಬ್ಬಿಗೆ ತುಂಬುವ ಮಶೀನೊಂದನ್ನು ಟ್ಯುನೀಶಿಯಾದ ದಕ್ಷಿಣಕ್ಕಿರುವ ತೋಝರ್ ಎಂಬ ಊರಿನವರು ಕೊಂಡಿದ್ದರು. ಅದನ್ನು ನಿಲ್ಲಿಸಿ, ನಡೆಸುವುದನ್ನು ಕಲಿಸಿ ಬರಬೇಕಿತ್ತು. ಕೆಲಸ ಎಳೆದಾಡಿತು. 2009ರ ಚಳಿಗಾಲದಲ್ಲಿ, 'ಇಲ್ಲೊಂದು ಮನೆ ಕೊಟ್ಟಾರ, ಒಂದು ತಿಂಗಳು ಬಂದು ಹೋಗು' ಎಂದು ಫೋನು ಮಾಡಿದರು.

ಮಗಳು ಋತು ಆಗ ಎಂಟನೆಯ ಇಯತ್ತೆ. ಪರೀಕ್ಷೆ ಇದ್ದುದರಿಂದ ಅವಳನ್ನು ಸಾನಪಾಡಾದ ನಾದಿನಿಯ ಮನೆಯಲ್ಲಿ ಬಿಟ್ಟೆ. ಅವ್ವನನ್ನು ಎಲ್ಲಿ ಬಿಡುವುದು? ಅಪ್ಪ ಹೋದ ಮೇಲೆ ಬಾಗಲಕೋಟೆಯ ಕಡೆಯ ಹಳ್ಳಿಯಿಂದ ಬಂದು ನಮ್ಮೊಂದಿಗೇ ಇದ್ದಳು. ಅವಳಿಗೆ ನಾನೊಬ್ಬಳೇ ಮಗಳು. ನನಗಿಂತ ಮೊದಲು ಒಬ್ಬ ಗಂಡುಮಗ ಹುಟ್ಟಿ ಜ್ವರ ಬಂದು ಹೋದನಂತೆ. ಅಷ್ಟು ಮಾತ್ರ ನನಗೆ ಗೊತ್ತಿತ್ತು. ನಾನೂ ಹೆಚ್ಚು ಕೇಳಿದವಳಲ್ಲ. ಹೀಗೆ ಅವ್ವನಿಗೂ ಪಾಸ್‌ಪೋರ್ಟು ಬಂತು.

ಅವ್ವನ ಮೈಮೇಲಿನ ಹಚ್ಚೆಗಳ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಹುಬ್ಬಿನ ನಡುವೆ ಒಂದು ಬೊಟ್ಟು, ಗದ್ದದಲ್ಲಿ ಮೂರು ಚುಕ್ಕಿ. ಬಲಗೈಯಲ್ಲಿ ತುಳಸಿ ಕಟ್ಟೆ, ಅದರ ಕೆಳಗೆ ಸೀತೆಯ ಸೆರಗು. ಎಡ ಮುಂಗೈಯಲ್ಲಿ ಒಂದು ಏಡಿ. ಅಗಲ ಮೈ, ಎರಡೂ ಕಡೆ ಕಾಲು, ಮುಂದೆ ಇಕ್ಕಳದಂಥ ಎರಡು ಕೊಂಬು. ಬಣ್ಣ ಕಪ್ಪು ಹೋಗಿ ಹಸಿರಾಗಿತ್ತು. ಕಲ್ಯಾಣ್ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಕೂತರೆ ಎದುರಿನ ಹೆಂಗಸರು ಇದು ಏಡಿಯೇ ಎಂದು ಮರಾಠಿಯಲ್ಲಿ ತಪ್ಪದೆ ಕೇಳುತ್ತಿದ್ದರು, "ಆಜೀ, ಹಾ ಖೇಕಡಾ ಆಹೇ ಕಾ?" ಅವ್ವ ಹೌದೆಂದು ಗೋಣು ಹಾಕುತ್ತಿದ್ದಳು. ನಾನು ಸಣ್ಣವಳಿದ್ದಾಗ ಏಡಿ ಯಾಕೆ ಎಂದು ಕೇಳಿದ್ದೆ. "ಹೊಳಿ ದಂಡಿ ಊರು ನಮ್ದು. ಏಡಿ ಇರಲಾರದ ಮತ್ತೇನ ಆನಿ ಇರ್ತಾವೇನು?" ಎಂದು ಗದರಿಸಿದ್ದಳು.

ಋತು ಕೂಸಾಗಿದ್ದಾಗ ಆ ಏಡಿಯನ್ನು ಉಗುರಿನಿಂದ ಕೆರೆದು ಎತ್ತಿಕೊಳ್ಳಲು ನೋಡುತ್ತಿದ್ದಳು. ಅವಳಿಗೆ ನಮ್ಮ ಮಾತು ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿ ಇಲ್ಲವೇ ಮರಾಠಿ. ಆದರೂ 'ಏಡಿ' ಎಂಬ ಒಂದು ಶಬ್ದ ಅವಳ ಬಾಯಲ್ಲಿ ಕನ್ನಡದಲ್ಲೇ ಉಳಿಯಿತು.

ಟ್ಯುನಿಸ್

ವಿಮಾನ ನಿಲ್ದಾಣದ ಕಸ್ಟಮ್ಸ್‌ನವರು ನಮ್ಮ ಚೀಲ ಬಿಚ್ಚಿಸಿದರು. ಕಟಿ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿ, ಅಗಸಿ ಚಟ್ನಿ ಹೊರಗೆ ಬಂದವು. ಅಧಿಕಾರಿ ಪುಡಿಯನ್ನು ಮೂಸಿ ನನ್ನನ್ನೇ ದಿಟ್ಟಿಸಿದ. ನಾನು ಇಂಗ್ಲಿಷಿನಲ್ಲಿ ತಡವರಿಸುವಷ್ಟರಲ್ಲಿ ಅವ್ವ ಒಂದು ರೊಟ್ಟಿ ಮುರಿದು, ಚಟ್ನಿ ಹಚ್ಚಿ, "ತಿನ್ನಪ್ಪಾ, ವಿಷ ಅಲ್ಲ" ಎಂದು ಅವನ ಕೈಗೇ ಕೊಟ್ಟಳು. ಅವನು ತಿಂದ, ಕೆಮ್ಮಿದ, ಕಣ್ಣೊರೆಸಿಕೊಂಡ. ಆಮೇಲೆ ತನ್ನ ಊಟದ ಡಬ್ಬಿಯಿಂದ ಕೆಂಪು ಮೆಣಸಿನಕಾಯಿಯ ಗಟ್ಟಿ ಚಟ್ನಿಯನ್ನು ಅವ್ವನಿಗೆ ತೋರಿಸಿದ. ಅವ್ವ ಬೆರಳಿನಿಂದ ನೆಕ್ಕಿ, "ಉಪ್ಪು ಕಡಿಮಿ ಆತು" ಎಂದಳು. ಚೀಲಕ್ಕೆ ಚಾಕ್‌ಪೀಸಿನ ಗುರುತು ಬಿತ್ತು, ನಾವು ಪಾರಾದೆವು.

ಅಂದಿನಿಂದ ಒಂದು ವಿಚಿತ್ರ ಶುರುವಾಯಿತು. ಅಂಗಡಿಯವರು, ಟ್ಯಾಕ್ಸಿಯವರು, ರಸ್ತೆಯಲ್ಲಿ ಬ್ರೆಡ್ ಕೊಳ್ಳುವ ಮುದುಕರು ನನ್ನನ್ನು ಕಂಡರೆ ಫ್ರೆಂಚ್ ಮಾತಾಡುವರು, ಅವ್ವನನ್ನು ಕಂಡರೆ ಅರಬ್ಬಿ. ಅವಳ ಗದ್ದದ ಚುಕ್ಕಿ ನೋಡಿ ಹಳ್ಳಿಗಾಡಿನ ತಮ್ಮದೇ ಅಜ್ಜಿ ಎಂದುಕೊಳ್ಳುತ್ತಿದ್ದರು. ಅಲ್ಲಿನ ಮೂಲದ ಅಮಾಝಿಗ್ ಜನರ ಮುದುಕಿಯರಿಗೆ ಹೀಗೇ ಗದ್ದದಲ್ಲಿ, ಹಣೆಯಲ್ಲಿ ಹಚ್ಚೆ ಇರುತ್ತದಂತೆ. ಡೊಂಬಿವಲಿಯಲ್ಲಿ ಅವಳನ್ನು ಕಂಡವರೆಲ್ಲ 'ಯಾವ ಊರು' ಎಂದು ಕೇಳುತ್ತಿದ್ದರು. ಇಲ್ಲಿ ಯಾರೂ ಕೇಳಲಿಲ್ಲ. ಅವ್ವನೂ ಬಿಡಲಿಲ್ಲ, ಕೇಳಿದ್ದಕ್ಕೆಲ್ಲ ಕನ್ನಡದಲ್ಲೇ ಉತ್ತರ ಕೊಟ್ಟಳು. ಒಂದು ಅಂಗಡಿಯಲ್ಲಿ ಹೀಗೇ ಮಾತಾಡಿ ಕಿತ್ತಳೆ ಹಣ್ಣಿನ ದರವನ್ನೂ ಇಳಿಸಿದಳು. ಹೇಗೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ತೋಝರ್

ತೋಝರ್ ಮರುಭೂಮಿಯ ಅಂಚಿನ ಊರು. ಒಂದು ಕಡೆ ಖರ್ಜೂರದ ತೋಟ, ಇನ್ನೊಂದು ಕಡೆ ಕಣ್ಣು ಹಾಯುವಷ್ಟು ದೂರ ಉಪ್ಪಿನ ಬಯಲು. ಹಳೆಯ ಓಣಿಗಳಲ್ಲಿ ಮನೆಗಳ ಗೋಡೆಗೆ ಇಟ್ಟಿಗೆಗಳನ್ನು ಹೊರಗೆ ಒಳಗೆ ಮಾಡಿ ಕೂಡಿಸಿ ಚಿತ್ತಾರ ಮಾಡಿರುತ್ತಾರೆ. ತ್ರಿಕೋನ, ಮೆಟ್ಟಿಲು, ಚುಕ್ಕಿ ಸಾಲು. ಅವ್ವ ಒಂದು ಗೋಡೆಯ ಮುಂದೆ ನಿಂತು ತನ್ನ ಬಲಗೈ ಚಾಚಿ ಹೋಲಿಸಿ ನೋಡಿದಳು. "ಇವರು ಗ್ವಾಡಿಗೂ ಹಚ್ಚಿ ಹಾಕ್ಯಾರ ನೋಡ" ಎಂದಳು.

ಬಾಗಿಲುಗಳ ಮೇಲೆ ಐದು ಬೆರಳಿನ ಹಸ್ತ, ಇಲ್ಲವೇ ಮೀನು. ಎರಡೂ ಕೆಟ್ಟ ಕಣ್ಣಿಗೆ. ನಮ್ಮ ಕಡೆ ಅಂಗಡಿಗೆ ನಿಂಬೆ ಮೆಣಸಿನಕಾಯಿ ಕಟ್ಟುವುದು, ಕಲ್ಯಾಣದಲ್ಲಿ ಕಟ್ಟುತ್ತಿರುವ ಬಿಲ್ಡಿಂಗುಗಳಿಗೆ ರಾಕ್ಷಸನ ಮುಖ ತೂಗುಹಾಕುವುದು ನೆನಪಾಯಿತು. ಕೆಟ್ಟ ಕಣ್ಣಿಗೆ ಮಾತ್ರ ಯಾವ ದೇಶಕ್ಕೂ ವೀಸಾ ಬೇಕಿಲ್ಲ ಎಂದೆ. ಇವರು ನಕ್ಕರು, ಅವ್ವ ನಗಲಿಲ್ಲ. ಅವಳಿಗೆ ಹಿಡಿಸಿದ್ದು ಅಲ್ಲಿನವರು ರೊಟ್ಟಿಗೆ ಕೊಡುವ ಮರ್ಯಾದೆ. ನೆಲಕ್ಕೆ ಬಿದ್ದ ತುಣುಕನ್ನೂ ಎತ್ತಿ, ಮುತ್ತಿಟ್ಟು, ಯಾರೂ ತುಳಿಯದ ಹಾಗೆ ಗೋಡೆಯ ಸಂದಿನಲ್ಲಿ ಇಡುತ್ತಾರೆ. ನಮ್ಮ ಸೊಸೈಟಿಯ ಕಸದ ಡಬ್ಬಿಯಲ್ಲಿ ಚಪಾತಿ ಕಂಡರೆ ಅವ್ವ ಇಡೀ ದಿನ ಗೊಣಗುವವಳು. ಇಲ್ಲಿ ಅವಳಿಗೆ ಗೊಣಗಲು ಏನೂ ಸಿಗಲಿಲ್ಲ.

ಸಿಕ್ಕಿದ್ದು ಚೇಳು. ಮನೆ ತೋರಿಸಿದ ದಿನವೇ ಇವರು, "ಬೂಟು ಝಾಡಿಸಿ ಹಾಕೋರಿ, ಈ ಕಡೆ ಚೇಳು ಭಾಳ" ಎಂದಿದ್ದರು. ಮರುದಿನದಿಂದ ಅವ್ವ ಬೆಳಿಗ್ಗೆ ಎದ್ದವಳೇ ಎಲ್ಲರ ಚಪ್ಪಲಿ, ಬೂಟು, ಚಾದರ, ದಿಂಬು ಝಾಡಿಸಿ ಹೊಸ್ತಿಲಿಗೆ ಬಡಿಯುವ ಕೆಲಸ ಹಚ್ಚಿಕೊಂಡಳು. ಒಲೆಯ ಪಕ್ಕದ ಕಟ್ಟಿಗೆಯನ್ನು ನನಗೆ ಮುಟ್ಟಗೊಡುತ್ತಿರಲಿಲ್ಲ, ತಾನೇ ಕೋಲಿನಿಂದ ಒಂದೊಂದಾಗಿ ಎಳೆದು ತೆಗೆಯುವಳು. ಚಳಿಗಾಲದಲ್ಲಿ ಚೇಳು ಹೊರಗೇ ಬರುವುದಿಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಒಂದು ಸಂಜೆ ಕಾರ್ಖಾನೆಯ ಮಾಲೀಕರು ಚಹಾಕ್ಕೆ ಬಂದಿದ್ದರು. ಬಾಗಿಲಲ್ಲಿ ಬಿಟ್ಟ ಅವರ ಬೂಟನ್ನೂ ಅವ್ವ ಹಿಡಿದು ಕಲ್ಲಿಗೆ ಬಡಿದಳು. ಒಂದರ ಹಿಮ್ಮಡಿ ಕಿತ್ತು ಬಂತು. ಆ ದೊಡ್ಡ ಮನುಷ್ಯ ಕುಂಟುತ್ತ ಕಾರು ಹತ್ತಿದರು. ನನಗೆ ತಲೆ ಕೆಟ್ಟುಹೋಯಿತು. "ಏನು ಹುಚ್ಚು ಹಿಡದೈತಿ ನಿನಗ? ಅಳಿಯನ ಕೆಲಸ ಕಳೀತಿ ಏನು?" ಎಂದು ಕೂಗಾಡಿದೆ. ಅವ್ವ ಆ ಹಿಮ್ಮಡಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಆ ಮಾತು ಆಡಬಾರದಿತ್ತು ಎಂದು ಈಗ ಎಷ್ಟು ಸಲ ಅನ್ನಿಸಿದೆಯೋ.

ಮಬ್ರೂಕಾಳ ಅಂಗಳ

ಸಲ್ಮಾ ಎಂಬಾಕೆ ಖರ್ಜೂರದ ಕಾರ್ಖಾನೆಯ ಆಫೀಸಿನಲ್ಲಿದ್ದಳು. ಅಲ್ಲಿ ಇಂಗ್ಲಿಷ್ ಬರುವವಳು ಅವಳೊಬ್ಬಳೇ, ಹಾಗಾಗಿ ಇವರಿಗೆ ಎಲ್ಲದಕ್ಕೂ ಅವಳೇ ಆಧಾರ. ಒಂದು ಶುಕ್ರವಾರ ನನ್ನನ್ನೂ ಅವ್ವನನ್ನೂ ಮನೆಗೆ ಊಟಕ್ಕೆ ಕರೆದಳು. ಊಟಕ್ಕೆ ಕುಸ್‌ಕುಸ್ ಮಾಡಿದ್ದರು. ಅವ್ವನ ಪ್ರಕಾರ ಅದು ಮಸಾಲೆ ಸಾರು ಹಾಕಿದ ನವಣಕ್ಕಿ, ಇವರು ಸುಮ್ಮನೆ ಬೇರೆ ಹೆಸರು ಇಟ್ಟುಕೊಂಡಿದ್ದಾರೆ.

ಸಲ್ಮಾಳ ಅತ್ತೆ ಮಬ್ರೂಕಾ ಅಂಗಳದ ಬಿಸಿಲಲ್ಲಿ ಕೂತಿದ್ದಳು. ಅವ್ವನ ವಯಸ್ಸಿನವಳೇ. ನಮ್ಮನ್ನು ಕಂಡೊಡನೆ ಹೊದ್ದ ಬಟ್ಟೆಯ ಅಂಚನ್ನು ಗದ್ದದ ಮೇಲೆ ಎಳೆದುಕೊಂಡಳು. ಅವ್ವ ಎದುರಿಗೆ ಕೂತಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಮಬ್ರೂಕಾ ಬಟ್ಟೆ ಇಳಿಸಿದಳು. ಅವಳ ಗದ್ದದ ಮೇಲೆ ಖರ್ಜೂರದ ಮರದಂಥ ಗೆರೆ, ಅದರ ಎರಡೂ ಕಡೆ ಚುಕ್ಕಿಗಳು.

ಅವಳು ಒಂದು ಕಾಲಕ್ಕೆ ಸುತ್ತಲಿನ ಹಳ್ಳಿಗಳಿಗೆಲ್ಲ ಹೋಗಿ ಹಚ್ಚೆ ಹಾಕುತ್ತಿದ್ದವಳು ಎಂದು ಸಲ್ಮಾ ಹೇಳಿದಳು. ಮೆಕ್ಕಾಕ್ಕೆ ಹೋಗಿ ಬಂದ ಮೇಲೆ ಬಿಟ್ಟಳಂತೆ. ದೇವರು ಮಾಡಿದ ಮೈಯನ್ನು ಬದಲಿಸುವುದು ಪಾಪ ಎಂದು ಈಗ ಎಲ್ಲರೂ ಹೇಳುತ್ತಾರೆ. ಚುಚ್ಚಿದ ಒಂದೊಂದು ಕೈಗೂ ಮೇಲೆ ಲೆಕ್ಕ ಕೊಡಬೇಕಲ್ಲ ಎಂಬ ಚಿಂತೆ ಅವಳಿಗೆ. ಮಗ ಲೇಸರಿನಿಂದ ಗದ್ದದ ಗುರುತು ತೆಗೆಸೋಣ ಎಂದರೆ ಅದಕ್ಕೂ ಒಲ್ಲೆ ಎನ್ನುತ್ತಾಳೆ. ಅದು ಅವಳ ತಾಯಿ ಹಾಕಿದ್ದು.

ಹಾಗಿದ್ದರೂ ಅವ್ವನ ಕೈ ಕಂಡ ಮೇಲೆ ಅವಳಿಗೆ ಸುಮ್ಮನಿರಲಾಗಲಿಲ್ಲ. ಒಂದೊಂದನ್ನೇ ಬೆರಳಿನಿಂದ ಮುಟ್ಟಿ ಕೇಳತೊಡಗಿದಳು. ಅವ್ವ ನನಗೆ, ನಾನು ಸಲ್ಮಾಗೆ, ಸಲ್ಮಾ ಅವಳಿಗೆ, ಮತ್ತೆ ಅದೇ ದಾರಿಯಲ್ಲಿ ವಾಪಸ್ಸು. ಬಣ್ಣಕ್ಕೆ ಏನು ಹಾಕುತ್ತೀರಿ? ಅವರಲ್ಲಿ ಪಾತ್ರೆಯ ತಳದ ಮಸಿ ಮತ್ತು ಹಸಿರೆಲೆಯ ರಸ, ನಮ್ಮಲ್ಲಿ ದೀಪದ ಕಾಡಿಗೆ ಮತ್ತು ಸೊಪ್ಪಿನ ರಸ. ಗದ್ದದಲ್ಲೇ ಯಾಕೆ? ಕಣ್ಣು, ಮೂಗು, ಬಾಯಿ ಇವೆಲ್ಲ ಬಾಗಿಲುಗಳು, ಕೆಟ್ಟದ್ದು ಒಳಗೆ ಬರುವುದು ಬಾಗಿಲಿನಿಂದಲೇ, ಕಾವಲೂ ಅಲ್ಲೇ ಇರಬೇಕು ಎಂದಳು ಮಬ್ರೂಕಾ.

"ಮತ್ತ? ನಾವು ಹೊಸ್ತಿಲಕ್ಕ ಅರಿಶಿಣ ಯಾಕ ಹಚ್ತೀವಿ?" ಎಂದಳು ಅವ್ವ, ಇಷ್ಟೂ ಗೊತ್ತಿಲ್ಲವೇ ಎಂಬಂತೆ ನನ್ನ ಕಡೆ ನೋಡಿ.

ಇದೆಲ್ಲ ಎಲ್ಲಿಂದ ಬಂತು ಎಂದು ಕೇಳಿದೆ. ಸಲ್ಮಾ ಭುಜ ಕುಣಿಸಿದಳು. ಇಸ್ಲಾಂ ಬರುವುದಕ್ಕೂ ಹಿಂದಿನದು ಎನ್ನುತ್ತಾರೆ. ಕಂಬಳಿಯಲ್ಲೂ ಅದೇ, ಮಡಕೆಯ ಮೇಲೂ ಅದೇ. ಹೆಂಗಸರಿಂದ ಹೆಂಗಸರಿಗೆ ಬಂದದ್ದು, ಗಂಡಸರು ಕೇಳಲಿಲ್ಲ, ಯಾರೂ ಬರೆದಿಡಲಿಲ್ಲ ಎಂದಳು.

ಅಷ್ಟರಲ್ಲಿ ಮಬ್ರೂಕಾ ಅವ್ವನ ಎಡಗೈ ತಿರುವಿದಳು. ತಟ್ಟನೆ ಏನೋ ಹೇಳಿದಳು.

"ಚೇಳು," ಎಂದಳು ಸಲ್ಮಾ. "ಇದರ ಕೊಂಡಿ ಎಲ್ಲಿ ಹೋಯಿತು ಎಂದು ಕೇಳುತ್ತಿದ್ದಾಳೆ."

ನಾನು ನಕ್ಕುಬಿಟ್ಟೆ. ಅಲ್ಲಲ್ಲ, ಅದು ಏಡಿ, ನಮ್ಮ ಊರ ಪಕ್ಕ ಹೊಳೆ ಇದೆ ಎಂದೆ. ಮಬ್ರೂಕಾ ಒಪ್ಪಲಿಲ್ಲ. ಕಡ್ಡಿಯೊಂದನ್ನು ತೆಗೆದುಕೊಂಡು ಅಂಗಳದ ಮರಳಿನಲ್ಲಿ ಅವ್ವನ ಕೈಮೇಲಿದ್ದುದನ್ನು ಹಾಗೆಯೇ ಬರೆದಳು. ಅಗಲ ಮೈ, ಕಾಲು, ಕೊಂಬು. ಆಮೇಲೆ ಹಿಂಭಾಗದಿಂದ ಒಂದು ಗೆರೆ ಎಳೆದು, ಗಂಟು ಗಂಟಾಗಿ ಮೇಲಕ್ಕೆ ಬಾಗಿಸಿ, ತುದಿಯಲ್ಲಿ ಮುಳ್ಳು ಇಟ್ಟಳು. ಏಡಿ ನನ್ನ ಕಣ್ಣೆದುರಿಗೇ ಚೇಳಾಯಿತು.

ಅವ್ವ ಆ ಮರಳನ್ನೇ ನೋಡುತ್ತಿದ್ದಳು. ಆಮೇಲೆ ತಲೆ ಎತ್ತಿ ಮಬ್ರೂಕಾಳ ಜೊತೆ ಕನ್ನಡದಲ್ಲಿ ಮಾತಾಡತೊಡಗಿದಳು. ನನ್ನ ಕಡೆ ನೋಡಲೇ ಇಲ್ಲ.

"ಮದುವಿಕಿಂತ ಮೊದಲ ಹಚ್ಚಿ ಹಾಕಸೋದು ನಮ್ಮಲ್ಲಿ. ನಮ್ಮವ್ವ ಕೈ ಗಟ್ಟ್ಯಾಗಿ ಹಿಡಕೊಂಡಿದ್ಲು. ಮೈ ಆತು, ಕಾಲು ಆದವು. ಕೊಂಡಿ ಒಂದ ಉಳದಿತ್ತು. ಉರಿ ತಡಿಲಿಲ್ಲ ನನಗ. ಕೈ ಕಸಗೊಂಡು ಓಡಿದೆ. ಜ್ವಾಳದ ಹೊಲದಾಗ ಹೋಗಿ ಅಡಗಿ ಕುಂತೆ. ಹಚ್ಚಿಯಾಕಿ ಎಷ್ಟಂತ ಕಾಯ್ತಾಳ? ಮುಂದಿನ ಊರಿಗಿ ಹೋದ್ಲು. ಆಮ್ಯಾಲ ಬರಲೇ ಇಲ್ಲ."

ಮಬ್ರೂಕಾ ತಲೆಯಾಡಿಸಿದಳು. ಅವಳಿಗೆ ಒಂದು ಅಕ್ಷರವೂ ತಿಳಿದಿರಲಿಕ್ಕಿಲ್ಲ.

"ಸಿದ್ದ ಐದ ವರ್ಷದಾಂವ ಇದ್ದ," ಎಂದು ಅವ್ವ ನೆಲದಿಂದ ಒಂದಿಷ್ಟು ಮೇಲೆ ಅಂಗೈ ಹಿಡಿದು ತೋರಿಸಿದಳು. "ಇಷ್ಟ. ಕಟಗಿ ಒಟ್ಟಲದಾಗ ಕೈ ಹಾಕಿದ. ಯವ್ವಾ ಅಂದ. ನಾ ರೊಟ್ಟಿ ಬಡಿಯಾಕ ಹತ್ತಿದ್ದೆ, ಇರು ಬಂದೆ ಅಂದೆ. ಸಂಜೀ ಅನ್ನೂದ್ರಾಗ ಹೋಗಿಬಿಟ್ಟ. ನಮ್ಮತ್ತಿ ಅಂದ್ಲು, ನಿನ್ನ ಕೈಮ್ಯಾಲಿನ ಚೇಳಿಗೆ ಕೊಂಡಿ ಇದ್ದಿದ್ರ ಹೊರಗಿಂದು ಅದನ್ನ ನೋಡಿ ಹೊಳ್ಳಿ ಹೋಗ್ತಿತ್ತು. ಮೊಂಡ ಚೇಳಿಗೆ ಯಾರ ಅಂಜತಾರ? ಅಂದ್ಲು. ಅವತ್ತಿಂದ ನಾ ಇದಕ್ಕ ಏಡಿ ಅಂದೆ."

ಸಿದ್ದ. ನನ್ನ ಅಣ್ಣನ ಹೆಸರನ್ನು ನಾನು ಮೊದಲ ಸಲ ಕೇಳಿದ್ದು ಹೀಗೆ, ಆಫ್ರಿಕಾದ ಒಂದು ಅಂಗಳದಲ್ಲಿ, ಬೇರೊಬ್ಬಳಿಗೆ ಹೇಳುವಾಗ. ಜ್ವರ ಬಂದು ಹೋದ ಎಂದಿದ್ದರು. ಹಿಮ್ಮಡಿ ಕಿತ್ತ ಬೂಟು ಕಣ್ಣ ಮುಂದೆ ಬಂತು.

ಸಲ್ಮಾ ನನ್ನ ಮೊಣಕೈ ಮುಟ್ಟಿ, ಏನು ಹೇಳಿದಳು ಎಂದು ಕೇಳಿದಳು. ನಾನು ಹೇಗೋ ಹೇಳಿದೆ. ಅವಳು ಅತ್ತೆಗೆ ಹೇಳಿದಳು. ಮಬ್ರೂಕಾ ತನ್ನ ಕಾಲಿನ ಹರಡಿನ ಗಂಟು ಮುಟ್ಟಿಕೊಳ್ಳುತ್ತ ಮೆಲ್ಲಗೆ ಹೇಳತೊಡಗಿದಳು. ಸಲ್ಮಾ ಕೇಳಿ ತಲೆ ತಗ್ಗಿಸಿದಳು. ತನಗೂ ಇದು ಗೊತ್ತಿರಲಿಲ್ಲ ಎಂದಳು.

ಮಬ್ರೂಕಾಳಿಗೂ ಒಬ್ಬ ಮಗ ಹೋಗಿದ್ದ. ಖರ್ಜೂರ ಕೀಳುವ ಕಾಲದಲ್ಲಿ, ಚೇಳು ಕಚ್ಚಿ. ಅವನ ಹರಡಿನ ಮೇಲೆ ಅವಳು ತನ್ನ ಕೈಯಾರೆ ಚೇಳಿನ ಹಚ್ಚೆ ಹಾಕಿದ್ದಳು. ಕೊಂಡಿ ಸಮೇತ. ಒಂದು ಗೆರೆಯೂ ತಪ್ಪಿರಲಿಲ್ಲವಂತೆ. ಕಚ್ಚಿದ್ದು ಅದೇ ಕಾಲಿಗೆ.

ಈಗ ಅದನ್ನು ಅವ್ವನಿಗೆ ಹೇಳುವ ಸರದಿ ನನ್ನದು. ಹೇಳಲೋ ಬೇಡವೋ ಎಂದು ಒಂದು ಕ್ಷಣ ತಡೆದೆ. ಹೇಳಿದರೆ ಅವಳ ಎದೆಯ ಭಾರ ಇಳಿಯುತ್ತದೆ ಎಂದು ನನಗೆ ಖಂಡಿತ ಅನ್ನಿಸಿತು. ಓದಿದವರಿಗೆಲ್ಲ ಹೀಗೇ ಅನ್ನಿಸುತ್ತದೆಯೋ ಏನೋ.

"ಅವ್ವ, ಕೊಂಡಿ ಇದ್ರೂ ಏನೂ ಆಗ್ತಿರಲಿಲ್ಲಂತ. ಇವರ ಮಗನ ಕಾಲಿಗೆ ಪೂರಾ ಚೇಳು ಇತ್ತು. ಅಂವನೂ ಉಳೀಲಿಲ್ಲ. ನಿನ್ನ ತಪ್ಪೇನೂ ಇಲ್ಲವ್ವ."

ಅವ್ವ ಮಬ್ರೂಕಾಳನ್ನು ನೋಡಿದಳು. ಮರಳಿನ ಮೇಲಿನ ಚಿತ್ರ ನೋಡಿದಳು. ಎಡಗೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು. ಆಮೇಲೆ ಊಟ ಬಂತು, ನವಣಕ್ಕಿಯ ಮಾತು ಬಂತು, ನಾವೆಲ್ಲ ನಕ್ಕೆವು ಕೂಡ.

ಮನೆಗೆ ಬಂದ ಮೇಲೆ ಅವ್ವ ಜಗಲಿಯಲ್ಲಿ ಕೂತಳು. ನಾನು ಪಕ್ಕದಲ್ಲಿ ಕೂತೆ. ಹಗುರಾಯಿತೇ ಎಂದು ಕೇಳಬೇಕೆಂದಿದ್ದೆ. ಅವಳೇ ಮಾತು ತೆಗೆದಳು.

"ಇಷ್ಟ ದಿವಸ ನನ್ನ ತಪ್ಪು ಅಂತ ಇತ್ತು. ಯಾಕ ಹೋದ ಅಂದ್ರ, ನನ್ನಿಂದ ಹೋದ. ಈಗ ಯಾಕ ಹೋದ ಅಂತ ಇಟಗೊಳ್ಳಲಿ, ತಂಗಿ?"

ಅವಳು ಅಷ್ಟು ವರ್ಷ ಹೊತ್ತುಕೊಂಡಿದ್ದುದನ್ನು ನಾನು ಒಂದು ಮಾತಿನಲ್ಲಿ ಕಿತ್ತುಕೊಂಡೆ, ಕೈಗೆ ಬೇರೇನೂ ಕೊಡಲಿಲ್ಲ. ಮರುದಿನ ಅವ್ವ ಯಾರ ಬೂಟನ್ನೂ ಝಾಡಿಸಲಿಲ್ಲ. ಬಾಗಿಲಲ್ಲಿ ಬಿದ್ದ ಬೂಟುಗಳನ್ನು ನೋಡಿ ನನಗೆ ಅಳು ಬಂತು. ನಾನೇ ಅವನ್ನು ಎತ್ತಿ ಹೊಸ್ತಿಲಿಗೆ ಬಡಿದೆ.

ಹೊರಡುವ ದಿನ

ಹೊರಡುವ ಬೆಳಿಗ್ಗೆ ಮಬ್ರೂಕಾ ಸಲ್ಮಾಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಕೈಯಲ್ಲಿ ಒಂದು ಪುಟ್ಟ ಬಟ್ಟಲು, ಒಂದು ಕಡ್ಡಿ. ಬಟ್ಟಲಿನಲ್ಲಿ ಹರ್ಕೂಸ್ ಎಂಬ ಕಪ್ಪು ಲೇಪ. ಮದುವೆಯಲ್ಲಿ ಇದರಿಂದ ಹೆಣ್ಣುಮಕ್ಕಳ ಕೈಗೆ ಚಿತ್ರ ಬರೆಯುತ್ತಾರೆ; ಲವಂಗದ ವಾಸನೆ, ನಮ್ಮ ಮೆಹಂದಿಯ ಹಾಗೆ ಕೆಲವು ದಿನ ಇದ್ದು ಹೋಗುತ್ತದೆ.

ಸೂಜಿ ಹಿಡಿಯುವುದಿಲ್ಲ ಎಂದು ದೇವರಿಗೆ ಮಾತು ಕೊಟ್ಟಿದ್ದೇನೆ, ಇದಕ್ಕೆ ಕೊಟ್ಟಿಲ್ಲ ಎಂದು ಸಲ್ಮಾಳ ಬಾಯಲ್ಲಿ ಹೇಳಿಸಿದಳು. ಅವ್ವ ಎಡಗೈ ಚಾಚಿದಳು. ಮಬ್ರೂಕಾ ಅದನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಹಳೆಯ ಹಸಿರು ಚೇಳಿನ ಹಿಂದೆ ಕಪ್ಪು ಕೊಂಡಿ ಬರೆದಳು. ಒಂದೊಂದು ಗಂಟಿಗೂ ಊದಿ ಆರಿಸಿದಳು. ಈ ಸಲ ಅವ್ವ ಓಡಲಿಲ್ಲ. ಇಬ್ಬರೂ ಅಳಲೂ ಇಲ್ಲ. ಅಲ್ಲಿನ ಪದ್ಧತಿಯಂತೆ ಕೆನ್ನೆಗೆ ಕೆನ್ನೆ ತಾಗಿಸಿ ಬೀಳ್ಕೊಂಡರು. ಅವ್ವನಿಗೆ ಯಾವ ಕೆನ್ನೆ ಮೊದಲು ಎಂದು ತಿಳಿಯದೆ ಮೂಗಿಗೆ ಮೂಗು ಬಡಿಯಿತು. ಕಾರು ಹೊರಟ ಮೇಲೂ ಮಬ್ರೂಕಾ ಗದ್ದ ಮುಚ್ಚಿಕೊಳ್ಳದೆ ನಿಂತೇ ಇದ್ದಳು.

ಒಂದೂ ಫೋಟೋ ತೆಗೆಯಲಿಲ್ಲ. ಕ್ಯಾಮೆರಾ ಇವರ ಹತ್ತಿರ ಕಾರ್ಖಾನೆಯಲ್ಲಿತ್ತು. ಮನೆಗೆ ಹೋಗಿ ಋತುವಿನ ಕ್ಯಾಮೆರಾದಲ್ಲಿ ತೆಗೆದರಾಯಿತು ಎಂದುಕೊಂಡೆ.

ಮತ್ತೆ ಡೊಂಬಿವಲಿ

ಡೊಂಬಿವಲಿಯಲ್ಲಿ ಅವ್ವ ಎಡಗೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಸ್ನಾನ ಮಾಡಿದಳು. ಪಾತ್ರೆ ಮುಟ್ಟಲಿಲ್ಲ, ಹಿಟ್ಟು ನಾದಲಿಲ್ಲ. ಕೆಳಗಿನ ಮನೆಯ ಕಾಕು ಕೈ ಮುರಿದಿದೆಯೇ ಎಂದು ವಿಚಾರಿಸಿಕೊಂಡು ಹೋದರು. ಕೊಂಡಿ ಇದ್ದರೂ ಅಷ್ಟೇ ಎಂದು ಗೊತ್ತಾದ ಮೇಲೂ ಇದನ್ನು ಯಾಕೆ ಕಾಯುತ್ತಿದ್ದಾಳೆ ಎಂದು ನನಗೆ ತಿಳಿಯಲಿಲ್ಲ. ಕೇಳಿದೆ.

"ಆಕಿ ಬರದಾಳ," ಎಂದಳು. ಅಷ್ಟೇ.

ಋತು ಸಾನಪಾಡಾದಿಂದ ಬರುವುದು ಎರಡು ವಾರ ತಡವಾಯಿತು. ಅವಳು ಬರುವಷ್ಟರಲ್ಲಿ ಮುಳ್ಳು ಹೋಗಿತ್ತು, ಗಂಟುಗಳು ಹೋಗಿದ್ದವು, ಮಾಸಿದ ಒಂದು ಎಳೆ ಮಾತ್ರ ಉಳಿದಿತ್ತು. ಮತ್ತೆರಡು ದಿನಕ್ಕೆ ಅದೂ ಇಲ್ಲ. ಅವ್ವ ಮುಂಗೈ ತಿರುವಿ ನೋಡಿಕೊಂಡು, ಚೀಲ ಬಿಚ್ಚಿಟ್ಟು, ಹಿಟ್ಟು ನಾದಲು ಕೂತಳು. ಥಾಣೆ ಸ್ಟೇಶನ್ ಹತ್ತಿರ ಮಶೀನಿನಿಂದ ಹಚ್ಚೆ ಹಾಕುವ ಅಂಗಡಿ ಇದೆ, ಹೊಸ ಸೂಜಿ, ಉರಿಯೂ ಕಡಿಮೆ, ಹೋಗೋಣವೇ ಎಂದೆ.

"ಬ್ಯಾಡ. ಈಗ ಯಾರನ್ನ ಕಾಯಬೇಕೈತಿ ಅದು?"

"ಆಜೀಲಾ ಕಾಯ ಝಾಲಂ?" ಎಂದು ಋತು ನನ್ನನ್ನು ಕೇಳಿದಳು, ಅಜ್ಜಿಗೆ ಏನಾಗಿದೆ ಎಂದು. ಏನಿಲ್ಲ, ಪ್ರವಾಸದ ದಣಿವು ಎಂದೆ. ದೊಡ್ಡವಳಾದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಸಿದ್ದನ ವಿಷಯ ಅವ್ವ ಮತ್ತೆ ಎತ್ತಲಿಲ್ಲ. ನಾನು ಎರಡು ಸಲ ಎತ್ತಿದೆ, ಅವಳು ಎದ್ದು ಒಳಗೆ ಹೋದಳು. ಮೂರು ವರ್ಷದ ನಂತರ ಅವಳು ತೀರಿಹೋದಳು. ಕೊನೆಯ ದಿನಗಳಲ್ಲಿ ಸಲೈನ್ ಹಚ್ಚಲು ನರ ಹುಡುಕುತ್ತಿದ್ದ ನರ್ಸ್ ಅವ್ವನ ಎಡಗೈ ಹಿಡಿದು, "ಆಜೀ, ಖೇಕಡಾ?" ಎಂದು ನಕ್ಕಳು. ಅವ್ವ ಹೌದೆಂದು ಗೋಣು ಹಾಕಿದಳು.

ಥಾಣೆ

ಕಳೆದ ವರ್ಷ ಋತುವಿಗೆ ಕೋಪರಖೈರಣೆಯ ಹತ್ತಿರ ಕೆಲಸ ಸಿಕ್ಕಿತು. ಮೊದಲ ಪಗಾರ ಬಂದ ವಾರ ಗೆಳತಿಯರ ಜೊತೆ ಥಾಣೆಗೆ ಹೋದಳು. ಗೆಳತಿಯರೆಲ್ಲ ಕೆಟ್ಟ ದೃಷ್ಟಿ ತಡೆಯುವ ನೀಲಿ ಕಣ್ಣು ಹಾಕಿಸಿಕೊಳ್ಳುತ್ತಿದ್ದರಂತೆ. ಈಗ ಅದೇ ಫ್ಯಾಶನ್. ಇವಳು ಮಾತ್ರ ಒಂದು ಹಳೆಯ ಫೋಟೋ ಒಯ್ದಿದ್ದಳು. ಅವ್ವ ಕೂಸು ಋತುವನ್ನು ಎತ್ತಿಕೊಂಡ ಫೋಟೋ. ಎಡ ಮುಂಗೈ ಸ್ಪಷ್ಟ ಕಾಣುತ್ತದೆ.

ಮನೆಗೆ ಬಂದು, ಎಡ ಮುಂಗೈಗೆ ಸುತ್ತಿದ್ದ ತೆಳು ಪ್ಲಾಸ್ಟಿಕ್ ಬಿಚ್ಚಿ ನನ್ನ ಮುಂದೆ ಹಿಡಿದಳು.

ಏಡಿ. ಅಚ್ಚುಕಟ್ಟಾದ, ಕಪ್ಪನೆಯ, ಪೂರ್ಣವಾದ ಏಡಿ. ಫೋಟೋದಲ್ಲಿ ಕಾಲು ಸರಿಯಾಗಿ ಕಾಣುತ್ತಿರಲಿಲ್ಲವಂತೆ, ಮೈಯೂ ದುಂಡಗಿರಲಿಲ್ಲವಂತೆ. ಆ ಕಲಾವಿದ ಕಂಪ್ಯೂಟರಿನಲ್ಲಿ ನಿಜವಾದ ಏಡಿಯ ಚಿತ್ರ ನೋಡಿ ಎಲ್ಲ ತಿದ್ದಿಕೊಟ್ಟನಂತೆ. ಮೈ ದುಂಡಗಾಗಿತ್ತು. ಕೊಂಬುಗಳು ದಪ್ಪಗಾಗಿದ್ದವು. ಹಿಂದೆ, ಕೊಂಡಿ ಇರಬೇಕಾಗಿದ್ದ ಕಡೆ, ಈಜುವುದಕ್ಕೆಂದು ಎರಡು ಚಪ್ಪಟೆ ಕಾಲು ಬಂದಿದ್ದವು.

"ಅಜ್ಜೀ ಏಡಿ," ಎಂದಳು ನನ್ನ ಮಗಳು, ಕನ್ನಡದಲ್ಲಿ. ಕಣ್ಣು ತುಂಬಿಕೊಂಡಿದ್ದಳು. "ಮಸ್ತ್ ಝಾಲಂಯ ನಾ? ಆತಾ ಆಜೀ ನೇಹಮೀ ಮಾಝ್ಯಾ ಸೋಬತ್." ಚೆನ್ನಾಗಿ ಬಂದಿದೆಯಲ್ಲ, ಇನ್ನು ಅಜ್ಜಿ ಯಾವಾಗಲೂ ನನ್ನ ಜೊತೆ ಎಂದು.

ಅದರ ಸುತ್ತ ಚರ್ಮ ಇನ್ನೂ ಕೆಂಪಗಿತ್ತು. ಉರಿಯುತ್ತಿದೆಯೇ ಎಂದು ಕೇಳಿದೆ. ಸ್ವಲ್ಪ ಎಂದಳು, ಆದರೂ ಕೊನೆಯ ತನಕ ಅಲುಗಾಡದೆ ಕೂತೆ ಎಂದಳು.

"ಛಲೋ ಆಗೇತಿ," ಎಂದೆ. ಕೊಬ್ಬರಿ ಎಣ್ಣೆ ಹಚ್ಚಲೇ ಎಂದರೆ, ಅಂಗಡಿಯವನು ಮುಲಾಮು ಕೊಟ್ಟಿದ್ದಾನೆ ಎಂದಳು. ಮುಲಾಮು ನಾನೇ ಹಚ್ಚಿದೆ.

ಅದು ಚೇಳು ಎಂದು ನಾನು ಹೇಳಲಿಲ್ಲ. ಸಿದ್ದನ ಹೆಸರು ಹೇಳಲಿಲ್ಲ. ಒಂದು ವಾರ ಮೊದಲಾದರೂ ಹೇಳಿದ್ದರೆ ಎಂದು ಹಲುಬುವುದೊಂದು ಉಳಿದಿದೆ. ಅಳಿಸಲಾಗದ್ದು ಅವಳ ಕೈಮೇಲೆ ಕೂತಾಗಿದೆ, ಈಗ ಹೇಳಿ ಅವಳ ಅಜ್ಜಿಯನ್ನು ಅವಳಿಂದ ಕಿತ್ತುಕೊಳ್ಳಲೇ? ಒಮ್ಮೆ ತೋಝರಿನಲ್ಲಿ ಹೇಳಿ ನೋಡಿದ್ದೇನೆ.

ಹಾಗೆಂದು ಯಾರಿಗೂ ಹೇಳದೆ ಇರಲೂ ಆಗಲಿಲ್ಲ. ಸಂಪಾದಕರು ಮರುಭೂಮಿ, ಒಂಟೆ ಎಂದು ಕೇಳಿದ್ದಕ್ಕೆ ಇದನ್ನು ಬರೆದು ಕೊಟ್ಟಿದ್ದೇನೆ. ಸಂಚಿಕೆ ಮನೆಗೆ ಬಂದಾಗ ಋತು ಮುಖಪುಟ ನೋಡುತ್ತಾಳೆ, ಒಳಗೆ ನನ್ನ ಫೋಟೋ ಇದ್ದರೆ ಅದನ್ನೂ ನೋಡುತ್ತಾಳೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ.